ಕನ್ನಡಿ, ಪರದೆ ಮತ್ತು ಬಿದರಿಯ ಹುಕ್ಕಾ

ಹೈದರಾಬಾದಿನ ಸಾಲಾರ್ ಜಂಗ್ ವಸ್ತುಸಂಗ್ರಹಾಲಯವನ್ನು ನೋಡಿದವರೆಲ್ಲ ಅಲ್ಲಿನ ಗಡಿಯಾರದ ಮುಂದೆ ಒಮ್ಮೆ ಕುಳಿತವರೇ. ಗಂಟೆ ಹೊಡೆಯುವ ಹೊತ್ತು ಹತ್ತಿರವಾಗುತ್ತಿದ್ದಂತೆ ಜನ ಬೇರೆ ಬೇರೆ ಕೋಣೆಗಳಿಂದ ಹರಿದು ಬರುತ್ತಾರೆ. ಬೆಂಚುಗಳು ತುಂಬುತ್ತವೆ, ಮಕ್ಕಳು ತಂದೆಯರ ಹೆಗಲೇರುತ್ತಾರೆ. ಕಲಕತ್ತೆಯ ಕುಕ್ ಆಂಡ್ ಕೆಲ್ವಿ ಕಂಪನಿಯವರು ಜೋಡಿಸಿದ ಆ ಇಂಗ್ಲಿಷ್ ಗಡಿಯಾರದಲ್ಲಿ ಪುಟ್ಟ ಕಮ್ಮಾರನೊಬ್ಬ ಸೆಕೆಂಡಿಗೊಂದರಂತೆ ಸುತ್ತಿಗೆ ಬೀಸುತ್ತಲೇ ಇರುತ್ತಾನೆ. ಗಂಟೆಯಾದಾಗ ಗಡ್ಡದ ಮನುಷ್ಯನೊಬ್ಬ ಬಾಗಿಲು ತೆರೆದು ಹೊರಬಂದು, ಎಷ್ಟಾಯಿತೋ ಅಷ್ಟು ಬಾರಿ ಜಾಗಟೆ ಬಾರಿಸಿ, ಮತ್ತೆ ಒಳಗೆ ಹೋಗಿಬಿಡುತ್ತಾನೆ. ಹನ್ನೆರಡಕ್ಕೆ ಬಂದವರು ಭಾಗ್ಯವಂತರು. ಒಂದು ಗಂಟೆಗೆ ಬಂದವರಿಗೆ ಒಂದೇ ಏಟು. ಗೊಂಬೆಗಳು ತೀರ ಚಿಕ್ಕವಾದ್ದರಿಂದ ಹಿಂದೆ ಕುಳಿತವರಿಗೂ ಕಾಣಲೆಂದು ಅದೇ ದೃಶ್ಯವನ್ನು ದೊಡ್ಡ ಪರದೆಯ ಮೇಲೆ ತೋರಿಸುವ ಏರ್ಪಾಡನ್ನು ನಾವು ಕಂಡಿದ್ದೇವೆ.

ಆ ಪರದೆಯ ಬಗ್ಗೆ ನಮಗೆ ಗೌರವವಿದೆ. ಅದು ಏನನ್ನೂ ಹೇಳುವುದಿಲ್ಲ, ಬಣ್ಣ ಬಳಿಯುವುದಿಲ್ಲ, ಸಂಗೀತ ಸೇರಿಸುವುದಿಲ್ಲ. ಎದುರಿಗಿರುವುದನ್ನೇ ದೊಡ್ಡದು ಮಾಡಿ ತೋರಿಸಿ ಸುಮ್ಮನಾಗುತ್ತದೆ. ಜನರ ಕಣ್ಣು ಪರದೆಯಿಂದ ಗಡಿಯಾರಕ್ಕೆ, ಗಡಿಯಾರದಿಂದ ಪರದೆಗೆ ಓಡಾಡುತ್ತಿರುತ್ತದೆ. ವಸ್ತುಸಂಗ್ರಹಾಲಯಗಳಲ್ಲಿ ಡಿಜಿಟಲ್ ತಂತ್ರಜ್ಞಾನದ ಬಳಕೆಯ ಬಗ್ಗೆ ಈಗ ನಡೆಯುತ್ತಿರುವ ಮಾತುಕತೆ ಬಹಳ. 2022ರ ಫೆಬ್ರವರಿಯಲ್ಲಿ ಕೇಂದ್ರ ಸಂಸ್ಕೃತಿ ಸಚಿವಾಲಯವು ಭಾರತದ ವಸ್ತುಸಂಗ್ರಹಾಲಯಗಳ ಮರುಕಲ್ಪನೆಯ ಕುರಿತು ಎರಡು ದಿನಗಳ ಜಾಗತಿಕ ಸಮ್ಮೇಳನವನ್ನು ಏರ್ಪಡಿಸಿದಾಗಲೂ ಅದರ ನೆಲೆಯೆಂದು ಹೆಸರಿಸಿದ್ದು ಇದೇ ಹೈದರಾಬಾದನ್ನು. ಅಂಥ ಮಾತುಗಳನ್ನು ಓದುವಾಗಲೆಲ್ಲ ನಾವು ಮನಸ್ಸಿನಲ್ಲಿ ಒಂದು ಪ್ರಶ್ನೆ ಹಾಕಿಕೊಳ್ಳುತ್ತೇವೆ: ಈ ಯಂತ್ರ ನೋಡುವವನ ಕಣ್ಣನ್ನು ವಸ್ತುವಿನ ಕಡೆಗೆ ತಿರುಗಿಸುತ್ತದೆಯೋ, ತನ್ನ ಕಡೆಗೆ ತಿರುಗಿಸಿಕೊಳ್ಳುತ್ತದೆಯೋ?

ಈ ಸಂಗ್ರಹದ ಹಿನ್ನೆಲೆ ಹೈದರಾಬಾದಿನ ಕನ್ನಡಿಗರಿಗೆ ತಿಳಿದದ್ದೇ. ಏಳನೆಯ ನಿಜಾಮರ ಬಳಿ 1912ರಿಂದ ಎರಡು ವರ್ಷ ದಿವಾನರಾಗಿದ್ದ ಮೂರನೆಯ ಸಾಲಾರ್ ಜಂಗ್, ಮೀರ್ ಯೂಸುಫ್ ಅಲಿ ಖಾನ್, ಉಳಿದ ಬದುಕನ್ನೂ ಹಣವನ್ನೂ ಸಂಗ್ರಹಕ್ಕೇ ಸುರಿದರು. ಅವಿವಾಹಿತರು. 1949ರಲ್ಲಿ ತೀರಿಕೊಂಡಾಗ ಉತ್ತರಾಧಿಕಾರಿ ಇರಲಿಲ್ಲ. 1951ರ ಡಿಸೆಂಬರ್ 16ರಂದು ಅವರದೇ ಅರಮನೆಯಾದ ದಿವಾನ್ ದೇವಡಿಯಲ್ಲಿ ನೆಹರೂ ಅವರು ವಸ್ತುಸಂಗ್ರಹಾಲಯವನ್ನು ತೆರೆದರು. 1961ರಲ್ಲಿ ಸಂಸತ್ತಿನ ಕಾಯಿದೆಯಿಂದ ಅದು ರಾಷ್ಟ್ರೀಯ ಮಹತ್ವದ ಸಂಸ್ಥೆಯಾಯಿತು. 1968ರಲ್ಲಿ ಮೂಸಿ ನದಿಯ ದಡದ ಈಗಿನ ಕಟ್ಟಡಕ್ಕೆ ಬಂದಿತು. ಒಬ್ಬ ಮನುಷ್ಯನ ಹುಚ್ಚು ಊರಿನ ಆಸ್ತಿಯಾದ ಕಥೆ ಇದು. ಹುಚ್ಚು ಎಂಬ ಮಾತನ್ನು ನಾವು ಪ್ರೀತಿಯಿಂದಲೇ ಬಳಸುತ್ತಿದ್ದೇವೆ. ಚೀನಾದ ಪಿಂಗಾಣಿ, ಪರ್ಷಿಯಾದ ರತ್ನಗಂಬಳಿ, ಯುರೋಪಿನ ಅಮೃತಶಿಲೆ, ದಕ್ಖನಿನ ಕತ್ತಿ, ಇವೆಲ್ಲ ಒಂದೇ ಸೂರಿನಡಿ ಕೂಡಿರುವ ಈ ಜಾಗದಲ್ಲಿ ಯಾವ ವಸ್ತು ಯಾಕೆ ಇಲ್ಲಿದೆ ಎಂಬುದನ್ನು ಯಾರಾದರೂ ಹೇಳದಿದ್ದರೆ ನೋಡುವವನಿಗೆ ದಕ್ಕುವುದು ಕಾಲುನೋವು ಮಾತ್ರ.

ಅಲ್ಲಿನ ಅತ್ಯುತ್ತಮ ತಾಂತ್ರಿಕ ಸಾಧನ ಯಾವುದೆಂದು ಕೇಳಿದರೆ ನಾವು ಒಂದು ಕನ್ನಡಿಯನ್ನು ತೋರಿಸುತ್ತೇವೆ. ಒಂದೇ ಮರದ ದಿಮ್ಮಿಯಲ್ಲಿ ಎರಡು ಆಕೃತಿ ಕೆತ್ತಿರುವ ಶಿಲ್ಪವೊಂದು ಅಲ್ಲಿದೆ. ಮುಂದಿನಿಂದ ನೋಡಿದರೆ ಠೀವಿಯಿಂದ ಎದೆ ಸೆಟೆಸಿ ನಿಂತ ಮೆಫಿಸ್ಟೊಫಿಲಿಸ್. ಹಿಂದೆ ನಿಲ್ಲಿಸಿರುವ ಕನ್ನಡಿಯಲ್ಲಿ ನೋಡಿದರೆ ತಲೆ ತಗ್ಗಿಸಿ ನಿಂತ ಮಾರ್ಗರೆಟಾ. ಕನ್ನಡಿ ಇಲ್ಲದಿದ್ದರೆ ಬಹುಪಾಲು ಜನ ಸೈತಾನನನ್ನಷ್ಟೇ ನೋಡಿ ಮುಂದೆ ಹೋಗುತ್ತಿದ್ದರು. ಅದಕ್ಕೆ ವಿದ್ಯುತ್ತು ಬೇಡ, ಪಾಸ್‌ವರ್ಡು ಬೇಡ. ವಾರಕ್ಕೊಮ್ಮೆ ಒರೆಸಿದರೆ ಸಾಕು. ಆದರೆ ಕನ್ನಡಿಗೂ ಒಂದು ಮಿತಿಯಿದೆ. ಅದು ಹೆಂಗಸನ್ನು ತೋರಿಸುತ್ತದೆ, ಆಕೆ ಯಾರೆಂದು ಹೇಳುವುದಿಲ್ಲ. ಇಂಗ್ಲಿಷ್ ಎಂ.ಎ. ತರಗತಿಯಲ್ಲಿ ಮಾರ್ಲೋನ ಡಾಕ್ಟರ್ ಫಾಸ್ಟಸ್ ನಾಟಕವನ್ನು ಪರೀಕ್ಷೆಗೆಂದು ಅರೆದು ಕುಡಿದ ನಮಗೂ ಇಲ್ಲಿ ಆ ಓದು ಸಹಾಯಕ್ಕೆ ಬರುವುದಿಲ್ಲ. ಮಾರ್ಲೋನಲ್ಲಿ ಈ ಹುಡುಗಿಯೇ ಇಲ್ಲ. ಆಕೆ ಗಯಟೆಯ ಫಾಸ್ಟ್ ಕೃತಿಯವಳು. ಸೈತಾನನ ನೆರವಿನಿಂದ ಫಾಸ್ಟ್ ಅವಳನ್ನು ಒಲಿಸಿಕೊಳ್ಳುತ್ತಾನೆ. ಅವಳ ತಾಯಿ, ಅಣ್ಣ, ಹಸುಗೂಸು ಎಲ್ಲರ ಸಾವಿಗೂ ಆ ಪ್ರೇಮವೇ ಕಾರಣವಾಗುತ್ತದೆ. ಕೊನೆಗೆ ಸೆರೆಮನೆಯಿಂದ ಓಡಿಹೋಗುವ ಅವಕಾಶ ಬಂದಾಗ ಅವಳು ಒಲ್ಲೆನೆನ್ನುತ್ತಾಳೆ. ಇಷ್ಟು ತಿಳಿದ ಮೇಲೆ ಕನ್ನಡಿಯಲ್ಲಿ ಕಾಣುವ ಆ ತಗ್ಗಿದ ತಲೆ ಬೇರೆಯೇ ಆಗುತ್ತದೆ. ನಮ್ಮ ಗಡಿಯಾರದಲ್ಲಿ ಅಳೆದು ನೋಡಿದರೆ ಇಷ್ಟನ್ನು ಹೇಳಲು ಒಂದೂವರೆ ನಿಮಿಷ ಸಾಕು. ಗೋಡೆಯ ಮೇಲೆ ಬರೆದರೆ ಯಾರೂ ಓದರು. ಕಿವಿಯಲ್ಲಿ ಹೇಳಿದರೆ ಎಲ್ಲರೂ ಕೇಳುತ್ತಾರೆ. ಕೇಳುವಾಗ ಕಣ್ಣು ಶಿಲ್ಪದ ಮೇಲೆಯೇ ಇರುತ್ತದೆ.

ಕಿವಿಯಲ್ಲಿ ಹೇಳುವ ಈ ವಿದ್ಯೆ ಹೊಸದೇನಲ್ಲ. ಸಾಲಾರ್ ಜಂಗ್ ಬಾಗಿಲು ತೆರೆದ ಮರುವರ್ಷವೇ, 1952ರಲ್ಲಿ, ಆಮ್‌ಸ್ಟರ್‌ಡ್ಯಾಮಿನ ಸ್ಟೆಡೆಲಿಕ್ ವಸ್ತುಸಂಗ್ರಹಾಲಯದವರು ನೋಡುಗರ ಕೈಗೆ ಚಿಕ್ಕ ರೇಡಿಯೋ ಗ್ರಾಹಕಗಳನ್ನೂ ಕಿವಿಗೆ ಹೆಡ್‌ಫೋನುಗಳನ್ನೂ ಕೊಟ್ಟು ಟೇಪಿನಿಂದ ವಿವರಣೆಯನ್ನು ಬಿತ್ತರಿಸಿದರು. ಒಂದೇ ಟೇಪು ಎಲ್ಲರ ಕಿವಿಗೂ ಹೋಗುತ್ತಿದ್ದುದರಿಂದ ಎಲ್ಲರೂ ಒಟ್ಟಿಗೆ ನಿಂತು, ಒಟ್ಟಿಗೆ ಎಡಕ್ಕೆ ತಿರುಗಿ, ಒಟ್ಟಿಗೆ ಮುಂದಿನ ಚಿತ್ರಕ್ಕೆ ನಡೆಯಬೇಕಿತ್ತು. ಆ ಸಾಲನ್ನು ನೆನೆದರೆ ನಗು ಬರುತ್ತದೆ. ಆದರೆ ಗಮನಿಸಬೇಕಾದ ಸಂಗತಿ ಇನ್ನೊಂದಿದೆ: ಆ ಮೊದಲ ಪ್ರಯತ್ನದಲ್ಲಿಯೇ ಅವರು ವಿವರಣೆಯನ್ನು ಒಂದಕ್ಕಿಂತ ಹೆಚ್ಚು ಭಾಷೆಗಳಲ್ಲಿ ಸಿದ್ಧಪಡಿಸಿದ್ದರು. ಯಂತ್ರ ಹೊಸದಾಗಿದ್ದರೂ, ಯಾರ ಭಾಷೆಯಲ್ಲಿ ಮಾತಾಡಬೇಕು ಎಂಬ ವಿಚಾರವನ್ನು ಅವರು ಮರುದಿನಕ್ಕೆ ಮುಂದೂಡಲಿಲ್ಲ.

ಭಾಷೆಯ ಮಾತು ಬಂದದ್ದರಿಂದ ನಮ್ಮ ಸೋದರತ್ತೆಯವರನ್ನು ಇಲ್ಲಿ ಕರೆತರಬೇಕು. ಅವರು ರಾಯಚೂರಿನವರು. ಕೆಲವು ವರ್ಷಗಳ ಹಿಂದೆ ನಮ್ಮ ಮನೆಗೆ ಬಂದಿದ್ದಾಗ ಅವರನ್ನು ಸಾಲಾರ್ ಜಂಗಿಗೆ ಕರೆದುಕೊಂಡು ಹೋಗಿದ್ದೆವು. ಕತ್ತಿಗುರಾಣಿಗಳ ಮುಂದೆ ಅವರಿಗೆ ಆಸಕ್ತಿ ಹುಟ್ಟಲಿಲ್ಲ. ಆದರೆ ಇಟಲಿಯ ಬೆಂಜೋನಿ ಕೆತ್ತಿದ ಮುಸುಕಿನ ರೆಬೆಕಾ ಎದುರು ನಿಂತವರು ಕದಲಲೇ ಇಲ್ಲ. ಒಂದನೆಯ ಸಾಲಾರ್ ಜಂಗ್ 1876ರಲ್ಲಿ ಯುರೋಪಿಗೆ ಹೋದಾಗ ರೋಮಿನಿಂದ ಕೊಂಡು ತಂದ ಶಿಲ್ಪವದು. ಕಲ್ಲಿನಲ್ಲಿ ಕೆತ್ತಿದ ಮುಸುಕಿನೊಳಗಿಂದ ಕಲ್ಲಿನದೇ ಮುಖ ಕಾಣುತ್ತದೆ.

“ತಮ್ಮಾ, ಇದು ಖರೇನೂ ಕಲ್ಲೇನೋ? ಮಾರಿ ಮ್ಯಾಗಿನ ಅರಿವಿ ಸರಸಾಕ ಬರಂಗಿಲ್ಲೇನು?”

“ಬರಂಗಿಲ್ಲ ಅತ್ತಿ, ಎಲ್ಲಾ ಒಂದೇ ಕಲ್ಲು.”

“ಮತ್ತ ಯಾಕ ಮುಸುಗು ಹಾಕ್ಯಾಳ? ಯಾರಿಗೆ ನಾಚ್ಯಾಳ?”

ಇದಕ್ಕಿಂತ ಒಳ್ಳೆಯ ಪ್ರಶ್ನೆಯನ್ನು ಯಾವ ಕಲಾವಿಮರ್ಶಕನೂ ಕೇಳಲಾರ. ಹೆಣ್ಣು ನೋಡಲು ಬಂದ ಸೇವಕನ ಒಂಟೆಗಳಿಗೆಲ್ಲ ಬಾವಿಯಿಂದ ನೀರು ಸೇದಿ ಕುಡಿಸಿದ ಹುಡುಗಿ ಇವಳೆಂದೂ, ತಾನು ಕಾಣದ ಗಂಡನ ಊರಿಗೆ ದೂರದ ಪಯಣ ಹೊರಟವಳೆಂದೂ, ಹೊಲದಲ್ಲಿ ಎದುರು ಬರುತ್ತಿರುವವನೇ ಅವನೆಂದು ಗೊತ್ತಾದ ಕೂಡಲೇ ಮುಸುಕೆಳೆದುಕೊಂಡಳೆಂದೂ ಬೈಬಲ್ಲಿನ ಕಥೆಯನ್ನು ನಾವು ಹೇಳಿದೆವು. ಹೇಳುತ್ತ ಹೇಳುತ್ತ ನೋಡಿದರೆ ಪಕ್ಕದಲ್ಲಿ ಇನ್ನೊಂದು ಕುಟುಂಬ ನಿಂತು ಕೇಳುತ್ತಿತ್ತು, ಹುಬ್ಬಳ್ಳಿಯ ಕಡೆಯವರು. ಅದರ ಹಿಂದೆ ಕಲಬುರಗಿಯ ಇಬ್ಬರು ಕಾಲೇಜು ಹುಡುಗರು. “ಸರ್, ಆ ಗೊಂಬಿ ಗಡಿಯಾರದ್ದೂ ಹೇಳ್ರಿ” ಎಂದು ಒಬ್ಬ ಕೇಳಿಯೇ ಬಿಟ್ಟ. ಹೈದರಾಬಾದಿಗೆ ಬೀದರ, ಕಲಬುರಗಿ, ಯಾದಗಿರಿ, ರಾಯಚೂರುಗಳಿಂದ ಆಸ್ಪತ್ರೆಗೆ, ಮದುವೆ ಜವಳಿಗೆ, ಮಕ್ಕಳ ಪರೀಕ್ಷೆಗೆ ದಿನವೂ ಬರುವ ಜನ ಉಳಿದ ಅರ್ಧ ದಿನದಲ್ಲಿ ಚಾರ್‌ಮಿನಾರನ್ನೂ ಸಾಲಾರ್ ಜಂಗನ್ನೂ ನೋಡಿಕೊಂಡೇ ಬಸ್ಸು ಹತ್ತುತ್ತಾರೆ. 1956ರ ನವೆಂಬರ್ 1ರವರೆಗೆ ಇದು ಅವರ ರಾಜಧಾನಿಯೇ ಆಗಿತ್ತಲ್ಲ. ಅವರ ಕಿವಿಗೆ ಇಲ್ಲಿ ಅವರ ಮಾತು ಬೀಳಬೇಕೆಂದು ಬಯಸುವುದು ದುರಾಸೆ ಎಂದು ನಮಗೆ ಅನ್ನಿಸುವುದಿಲ್ಲ.

ಇನ್ನು ಬಿದರಿಯ ವಿಷಯ. ಇಲ್ಲಿ ನಾವು ಸ್ವಲ್ಪ ನಿಧಾನಿಸಬೇಕು, ಏಕೆಂದರೆ ಈ ಸಂಗ್ರಹದಲ್ಲಿ ಕನ್ನಡ ನಾಡಿನದೆಂದು ಎದೆ ತಟ್ಟಿ ಹೇಳಬಹುದಾದ ವಸ್ತುಗಳು ಇವೇ. ಹುಕ್ಕಾದ ತಳ, ಪಾನ್‌ದಾನ್, ಹೂದಾನಿಗಳು ಗಾಜಿನ ಹಿಂದೆ ಸಾಲಾಗಿ ಕುಳಿತಿರುತ್ತವೆ. ಇದ್ದಿಲಿನಂಥ ಕಪ್ಪು ಮೈಯ ಮೇಲೆ ಬೆಳ್ಳಿಯ ಬಳ್ಳಿ. ನೋಡುಗರು ‘ಚೆನ್ನಾಗಿದೆ’ ಎಂದು ಮುಂದೆ ಹೋಗುತ್ತಾರೆ, ಬಹುತೇಕರು ಅದನ್ನು ಬಣ್ಣ ಬಳಿದ ಕೆಲಸವೆಂದೇ ತಿಳಿಯುತ್ತಾರೆ. ಅದರಲ್ಲಿ ಬಣ್ಣವೇ ಇಲ್ಲ.

ಬಿದರಿಯ ಮೈ ಬಹುಪಾಲು ಸತುವು, ಅದಕ್ಕೆ ಸ್ವಲ್ಪ ತಾಮ್ರ. ಮಣ್ಣಿನ ಅಚ್ಚಿನಲ್ಲಿ ಎರಕ ಹೊಯ್ದು, ಅರದಿಂದ ಉಜ್ಜಿ ನಯ ಮಾಡಿದಾಗ ಅದು ಬೆಳ್ಳಗಿರುತ್ತದೆ. ಬಿಳಿಯ ಮೇಲೆ ಗೆರೆ ಕಾಣದು. ಅದಕ್ಕಾಗಿ ಮೈಲುತುತ್ತದ ನೀರು ಹಚ್ಚಿ ತಾತ್ಕಾಲಿಕವಾಗಿ ಕಪ್ಪು ಮಾಡುತ್ತಾರೆ. ಆಮೇಲೆ ಚೂಪಾದ ಉಕ್ಕಿನ ಮೊನೆಯಿಂದ ಹೂಬಳ್ಳಿಗಳನ್ನು ಬರೆದು, ಉಳಿಯಿಂದ ಕೊರೆದು, ಆ ಕೊರೆತದಲ್ಲಿ ಬೆಳ್ಳಿಯ ತಂತಿಯನ್ನೋ ತಗಡನ್ನೋ ಕೂರಿಸಿ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಾರೆ. ಮತ್ತೆ ಉಜ್ಜಿದಾಗ ತಾತ್ಕಾಲಿಕ ಕಪ್ಪು ಹೋಗಿ, ಬಿಳಿಯ ಮೈಯಲ್ಲಿ ಬಿಳಿಯ ಬೆಳ್ಳಿ ಮರೆಯಾಗುತ್ತದೆ. ಇಷ್ಟು ದಿನದ ದುಡಿಮೆ ಕಣ್ಣಿಗೇ ಕಾಣದ ಆ ಘಳಿಗೆ ಬಹಳ ಸೊಗಸಾದದ್ದು. ಕೊನೆಗೆ ಬೀದರ ಕೋಟೆಯ ಹಳೆಯ ಗೋಡೆಗಳ ಮರೆಯಿಂದ, ಬಿಸಿಲುಮಳೆ ತಾಗದ ಕಡೆಯಿಂದ ತಂದ ಮಣ್ಣನ್ನು ನವಸಾಗರದೊಡನೆ ನೀರಿನಲ್ಲಿ ಕಲಸಿ ಕಾಯಿಸಿ, ಪಾತ್ರೆಯನ್ನು ಅದರಲ್ಲಿ ಅದ್ದಿ ತೆಗೆಯುತ್ತಾರೆ. ಸತುವಿನ ಮೈ ಕಪ್ಪಾಗುತ್ತದೆ, ಬೆಳ್ಳಿಗೆ ಏನೂ ಆಗುವುದಿಲ್ಲ. ಆ ಮಣ್ಣು ಹೌದೋ ಅಲ್ಲವೋ ಎಂದು ಕುಶಲಕರ್ಮಿ ನಾಲಗೆಯ ಮೇಲಿಟ್ಟು ರುಚಿ ನೋಡಿ ಹೇಳುತ್ತಾನೆ.

ಪರದೆ ಬೇಕಾಗುವುದು ಇಲ್ಲಿ. ಗಾಜಿನ ಪೆಟ್ಟಿಗೆಯಲ್ಲಿ ಕುಳಿತ ಹುಕ್ಕಾ ತಾನು ಹುಟ್ಟಿದ ಬಗೆಯನ್ನು ಹೇಳಲಾರದು. ಎಷ್ಟೇ ಚೆನ್ನಾಗಿ ಬರೆದ ಫಲಕವೂ ಬಿಳಿ ಕಪ್ಪಾಗುವ ಆ ಕ್ಷಣವನ್ನು ತೋರಿಸಲಾರದು. ಬೀದರಿನ ಕುಶಲಕರ್ಮಿಯ ಕೈಗಳನ್ನಷ್ಟೇ ತೋರಿಸುವ ಎರಡು ನಿಮಿಷದ ಒಂದು ಮೂಕಚಿತ್ರವನ್ನು ಅಂಗೈಯಗಲದ ಪರದೆಯಲ್ಲಿ ಪೆಟ್ಟಿಗೆಯ ಪಕ್ಕದಲ್ಲಿಟ್ಟರೆ, ನೋಡಿದವರು ಖಂಡಿತ ತಿರುಗಿ ಹುಕ್ಕಾವನ್ನು ಇನ್ನೊಮ್ಮೆ ನೋಡುತ್ತಾರೆ. ಆ ಎರಡನೆಯ ನೋಟಕ್ಕಾಗಿಯೇ ತಂತ್ರಜ್ಞಾನ ಬೇಕಾಗಿರುವುದು. ಪ್ರವೇಶದ್ವಾರದಲ್ಲಿ ಗೋಡೆಯಗಲದ ಪರದೆ ಹಾಕಿ ಅದರಲ್ಲಿ ಬೆಳ್ಳಿಯ ಬಳ್ಳಿಗಳು ತಾವಾಗಿಯೇ ಬೆಳೆಯುವಂತೆ ಚಮತ್ಕಾರ ತೋರಿಸಿದರೆ ಜನ ಅದರ ಮುಂದೆ ಸೆಲ್ಫಿ ತೆಗೆದುಕೊಂಡು ಮನೆಗೆ ಹೋಗುತ್ತಾರೆ, ಹುಕ್ಕಾ ಮೊದಲಿನಂತೆ ಒಂಟಿಯಾಗಿ ಉಳಿಯುತ್ತದೆ.

ಚಮತ್ಕಾರದ ಬಗ್ಗೆ ಇನ್ನೂ ಒಂದು ಮಾತು. ಬೆಂಗಳೂರಿನ ಕಲೆ ಮತ್ತು ಛಾಯಾಚಿತ್ರ ವಸ್ತುಸಂಗ್ರಹಾಲಯ, ಎಲ್ಲರೂ ‘ಮ್ಯಾಪ್’ ಎಂದು ಕರೆಯುವುದು, 2023ರಲ್ಲಿ ಕಟ್ಟಡ ತೆರೆಯುವ ಮೊದಲೇ, 2020ರಲ್ಲಿ, ಅಂತರ್ಜಾಲದಲ್ಲಿ ಬಾಗಿಲು ತೆರೆದಿತ್ತು. ಅಲ್ಲಿ ಎಂ. ಎಫ್. ಹುಸೇನರ ಡಿಜಿಟಲ್ ರೂಪವೊಂದು ನೋಡುಗರ ಪ್ರಶ್ನೆಗಳಿಗೆ ಉತ್ತರ ಹೇಳುತ್ತದೆ. ಬುದ್ಧಿವಂತ ಕೆಲಸ, ಒಪ್ಪೋಣ. ಆದರೂ ತೀರಿಹೋದ ಕಲಾವಿದನ ಬಾಯಿಗೆ ಯಂತ್ರದ ನಾಲಗೆಯನ್ನು ಇಟ್ಟಾಗ ನಮಗೇಕೋ ಮೈ ಮುದುಡುತ್ತದೆ. ಹುಸೇನರು ಇದೇ ಹೈದರಾಬಾದಿನಲ್ಲಿ ತಾವೇ ಸಿನಿಮಾ ಘರ್ ಎಂಬ ಚಿತ್ರಶಾಲೆ ಕಟ್ಟಿದ್ದರು. ಅದನ್ನು ಕಂಡವರ ನೆನಪುಗಳನ್ನು ಅವರದೇ ದನಿಯಲ್ಲಿ ದಾಖಲಿಸಿ ಕೇಳಿಸಿದರೆ ಆ ಮಾತಿಗೆ ಹೆಚ್ಚು ತೂಕವಿರುತ್ತದೆ ಎಂಬುದು ನಮ್ಮ ಹಳೆಯ ಕಾಲದ ಅಭಿಪ್ರಾಯ.

ಸರ್ಕಾರಿ ನೌಕರರಾಗಿ ನಾವು ಕಂಡದ್ದನ್ನೂ ಇಲ್ಲಿ ಹೇಳಿಬಿಡುವುದು ಒಳ್ಳೆಯದು. ನಮ್ಮ ವ್ಯವಸ್ಥೆಯಲ್ಲಿ ಯಂತ್ರ ಕೊಳ್ಳುವುದು ಸುಲಭ, ಯಂತ್ರ ಸಾಕುವುದು ಕಷ್ಟ. ಕೊಳ್ಳುವ ಹಣ ಒಂದು ಲೆಕ್ಕಶೀರ್ಷಿಕೆಯಲ್ಲಿ ಬರುತ್ತದೆ, ದುರಸ್ತಿಯ ಹಣ ಇನ್ನೊಂದರಲ್ಲಿ. ಮಾರ್ಚ್ 31ರೊಳಗೆ ಖರ್ಚಾಗದಿದ್ದರೆ ಅನುದಾನ ಹಿಂದಿರುಗುತ್ತದೆ ಎಂಬ ಭಯದಲ್ಲಿ ಫೆಬ್ರವರಿಯಲ್ಲಿ ಟೆಂಡರು, ಮಾರ್ಚಿನಲ್ಲಿ ಪರದೆ. ಮೂರು ವರ್ಷದ ವಾರಂಟಿ ಮುಗಿದ ಮೇಲೆ ವಾರ್ಷಿಕ ನಿರ್ವಹಣಾ ಒಪ್ಪಂದದ ಕಡತ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಯಾತ್ರೆ ಹೊರಡುತ್ತದೆ. ಊರೊಂದರ ವಸ್ತುಸಂಗ್ರಹಾಲಯದಲ್ಲಿ (ಹೆಸರು ಬೇಡ) ಸ್ಪರ್ಶಪರದೆಯ ಪೆಟ್ಟಿಗೆಯ ಮೇಲೆ ಮೇಜುಬಟ್ಟೆ ಹೊದಿಸಿ, ಅದರ ಮೇಲೆ ಹೂಕುಂಡ ಇಟ್ಟಿದ್ದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಕಾವಲುಗಾರನನ್ನು ಕೇಳಿದರೆ, “ಅದು ಕಂಪ್ಯೂಟರ್ ಸಾರ್, ಮುಟ್ಟಬೇಡಿ” ಎಂದ. ಮುಟ್ಟುವುದಕ್ಕೆಂದೇ ತಂದ ಯಂತ್ರಕ್ಕೆ ಆ ಗತಿ. ಆದ್ದರಿಂದಲೇ ನಮ್ಮ ಒಲವು ನೋಡುಗನ ಜೇಬಿನಲ್ಲಿ ಈಗಾಗಲೇ ಇರುವ ಯಂತ್ರದ ಕಡೆಗೆ. ವಸ್ತುವಿನ ಪಕ್ಕದಲ್ಲಿ ಒಂದು ಕ್ಯೂಆರ್ ಚೌಕ, ಅದನ್ನು ಮೊಬೈಲಿಗೆ ತೋರಿಸಿದರೆ ಒಂದು ದನಿ. ಚೌಕ ಮಾಸಿದರೆ ಇನ್ನೊಂದು ಅಚ್ಚು ಹಾಕಿ ಅಂಟಿಸಬಹುದು, ಟೆಂಡರು ಬೇಡ. ಮೊಬೈಲು ಬಳಸಲು ಬಾರದ ನಮ್ಮ ಅತ್ತೆಯಂಥವರ ಜೊತೆ ಸಾಮಾನ್ಯವಾಗಿ ಒಬ್ಬ ಮೊಮ್ಮಗ ಇದ್ದೇ ಇರುತ್ತಾನೆ.

ಎಲ್ಲಕ್ಕಿಂತ ಕೆಳಗಿನ ಪದರ ಯಾರ ಕಣ್ಣಿಗೂ ಬೀಳದ ದಾಖಲೆಯದು. ಪುಣೆಯ ಸಿ-ಡ್ಯಾಕ್ ಸಂಸ್ಥೆ ರೂಪಿಸಿದ ‘ಜತನ್’ ಎಂಬ ತಂತ್ರಾಂಶದಲ್ಲಿ ಕೇಂದ್ರ ಸರ್ಕಾರದ ಹತ್ತು ವಸ್ತುಸಂಗ್ರಹಾಲಯಗಳ ಸಂಗ್ರಹಗಳನ್ನು ನೋಂದಾಯಿಸುವ ಕೆಲಸ ಹಮ್ಮಿಕೊಂಡಾಗ ಅವುಗಳಲ್ಲಿ ಸಾಲಾರ್ ಜಂಗೂ ಇತ್ತು, ಬೆಂಗಳೂರಿನ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಯೂ ಇತ್ತು. ವಸ್ತುವಿನ ಸಂಖ್ಯೆ, ಅಳತೆ, ಕಾಲ, ಊರು, ಛಾಯಾಚಿತ್ರ ಎಲ್ಲವೂ ಒಂದೊಂದಾಗಿ ತುಂಬಬೇಕಾದ ಬೇಸರದ ಕೆಲಸವದು. ಅದರ ಫಲವನ್ನು ಈಗ ಮನೆಯಲ್ಲಿ ಕುಳಿತೇ ಅಂತರ್ಜಾಲದಲ್ಲಿ ನೋಡಬಹುದು. ಈ ಬೇಸರದ ಕೆಲಸ ಮಾಡಿದವರನ್ನು ಯಾವ ಸಮ್ಮೇಳನವೂ ವೇದಿಕೆಗೆ ಕರೆಯುವುದಿಲ್ಲ. ಆದರೆ ಅವರು ‘ಊರು’ ಎಂಬ ಖಾನೆಯಲ್ಲಿ ಬೀದರ ಎಂದು ತುಂಬದಿದ್ದರೆ ಮೇಲಿನ ಯಾವ ಪರದೆಯೂ ಹುಕ್ಕಾವನ್ನು ಬೀದರಿನದೆಂದು ಹೇಳಲಾರದು.

ಈಗ ಕನ್ನಡದ ಪ್ರಶ್ನೆ. ಅನುವಾದವನ್ನು ಯಂತ್ರಕ್ಕೇ ಬಿಟ್ಟುಬಿಡೋಣ, 2022ರಲ್ಲಿ ಕೇಂದ್ರ ಸರ್ಕಾರವೇ ‘ಭಾಷಿಣಿ’ಯನ್ನು ಆರಂಭಿಸಿದೆಯಲ್ಲ ಎಂದು ಗೆಳೆಯರೊಬ್ಬರು ಹೇಳಿದರು. ಯಂತ್ರಾನುವಾದ ದಿನದಿನಕ್ಕೂ ಸುಧಾರಿಸುತ್ತಿರುವುದು ನಿಜ. ಪ್ರಯೋಗಕ್ಕೆಂದು ಒಂದು ಅನುವಾದ ಯಂತ್ರಕ್ಕೆ ಕಲೆಯ ಕೆಲವು ಇಂಗ್ಲಿಷ್ ಫಲಕಗಳನ್ನು ಉಣಿಸಿ ನೋಡಿದೆವು. ಹಣ್ಣು ಹೂಜಿಗಳ ಚಿತ್ರಕ್ಕೆ ಹೇಳುವ ‘ಸ್ಟಿಲ್ ಲೈಫ್’ ಎಂಬುದು ‘ಇನ್ನೂ ಜೀವನ’ ಎಂದಾಯಿತು. ಅಮೃತಶಿಲೆಯ ‘ಬಸ್ಟ್’, ಎಂದರೆ ತಲೆಯಿಂದ ಎದೆಯವರೆಗಿನ ಪ್ರತಿಮೆ, ‘ಅಮೃತಶಿಲೆಯ ಎದೆ’ ಆಯಿತು. ಗಂಭೀರಮುಖದ ಮಹನೀಯರೊಬ್ಬರ ಪ್ರತಿಮೆಯ ಕೆಳಗೆ ಹೀಗೆ ಬರೆದಿದ್ದರೆ ಏನು ಗತಿ! ಇಂಥ ತಪ್ಪುಗಳು ನಾಳೆ ತಿದ್ದಿಹೋಗಬಹುದು. ಆದರೆ ರೆಬೆಕಾ ಯಾರಿಗೆ ನಾಚಿದಳು ಎಂಬ ಪ್ರಶ್ನೆ ಫಲಕದಲ್ಲಿಯೇ ಇಲ್ಲ. ಇಲ್ಲದ್ದನ್ನು ಯಂತ್ರ ಅನುವಾದಿಸುವುದಾದರೂ ಹೇಗೆ? ಅದನ್ನು ಯಾರಾದರೂ ಕನ್ನಡದಲ್ಲೇ ಕೇಳಿ, ಕನ್ನಡದಲ್ಲೇ ಬರೆಯಬೇಕು.

ಈ ಊರಿಗೆ ಅದರ ಪರಂಪರೆ ಇದೆ. ಉಸ್ಮಾನಿಯಾ ವಿಶ್ವವಿದ್ಯಾಲಯ 1918ರಲ್ಲಿ ಶುರುವಾಗುವ ಮೊದಲೇ, 1917ರಲ್ಲಿ, ಇಲ್ಲಿ ದಾರುಲ್ ತರ್ಜುಮಾ ಎಂಬ ಅನುವಾದ ಸಂಸ್ಥೆ ಹುಟ್ಟಿತ್ತು. ವೈದ್ಯ, ಗಣಿತ, ಕಾನೂನು, ಇತಿಹಾಸಗಳ ಪುಸ್ತಕಗಳನ್ನೆಲ್ಲ ಉರ್ದುವಿಗೆ ತಂದು, ಆ ಭಾಷೆಯಲ್ಲಿಯೇ ಪದವಿ ಪಾಠ ನಡೆಯುವಂತೆ ಮಾಡಿದರು. ಪರಿಭಾಷೆಯ ಒಂದೊಂದು ಪದಕ್ಕೂ ವಿದ್ವಾಂಸರು ಕುಳಿತು ಚರ್ಚಿಸುತ್ತಿದ್ದರು. ಆ ಉರ್ದುವಿನ ನೆರಳಿನಲ್ಲಿ ನಮ್ಮ ಹಿರಿಯರ ಕನ್ನಡ ಬಾಡಿತು ಎಂಬ ದೂರು ನಮ್ಮ ಭಾಗದಲ್ಲಿದೆ. ಅದರಲ್ಲಿ ಹುರುಳೂ ಇದೆ. ಆದರೂ ಆ ಶ್ರದ್ಧೆಯನ್ನು ಮೆಚ್ಚದಿರಲಾಗದು. ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರದ ಕುರ್ಚಿಗಳ ಮೇಲೆ ಕುಳಿತು ನಾವೆಲ್ಲ ಕೇಳಿದ ಉಪನ್ಯಾಸಗಳೆಷ್ಟು! ಅವುಗಳಲ್ಲಿ ನಾಲ್ಕಾಣೆಯಷ್ಟು ಶ್ರಮ ಸಾಕು, ಸಾಲಾರ್ ಜಂಗಿನ ಇಪ್ಪತ್ತು ವಸ್ತುಗಳಿಗೆ ಇಪ್ಪತ್ತು ಕನ್ನಡ ನಿರೂಪಣೆಗಳನ್ನು ಬರೆದು, ಓದಿ, ಧ್ವನಿಮುದ್ರಿಸಿ, ಸಂಸ್ಥೆಯವರ ಮುಂದಿಡಲು. ಅವರು ಒಪ್ಪಿದರೆ ಸಂತೋಷ. ಒಪ್ಪದಿದ್ದರೆ ಅವು ನಮ್ಮ ಬಳಗದ ಬ್ಲಾಗಿನಲ್ಲಿಯೇ ಇರಲಿ. ಊರಿನಿಂದ ಬರುವ ನೆಂಟರಿಗೆ ಕೊಂಡಿ ಕಳಿಸಿದರಾಯಿತು.

ವಸ್ತುಸಂಗ್ರಹಾಲಯದ ಗೋಡೆಯೊಳಗೆ ತರಲಾಗದ ವಸ್ತುವೊಂದು ತೆಲಂಗಾಣದಲ್ಲಿದೆ. ಅದರ ನೆನಪಿಲ್ಲದೆ ಈ ಮಾತು ಪೂರ್ತಿಯಾಗದು. ಕರೀಂನಗರ ಜಿಲ್ಲೆಯ ಕುರಿಕ್ಯಾಲದ ಬಳಿಯ ಬೊಮ್ಮಲಗುಟ್ಟದ ಬಂಡೆಯ ಮೇಲೆ, ಜೈನ ಶಿಲ್ಪಗಳ ಕೆಳಗೆ, ಹತ್ತನೆಯ ಶತಮಾನದ ಶಾಸನವೊಂದಿದೆ. ಕೆತ್ತಿಸಿದವನು ಜಿನವಲ್ಲಭ, ಆದಿಕವಿ ಪಂಪನ ತಮ್ಮ. ಸಂಸ್ಕೃತ, ಕನ್ನಡ, ತೆಲುಗು ಮೂರೂ ಭಾಷೆಗಳು ಒಂದೇ ಬಂಡೆಯ ಮೇಲಿವೆ. ಪಂಪನ ತಂದೆ ಭೀಮಪಯ್ಯ, ತಾಯಿ ಅಬ್ಬಣಬ್ಬೆ, ಆಕೆಯ ಅಜ್ಜ ಅಣ್ಣಿಗೇರಿಯವನು ಎಂಬ ಮನೆಯ ವಿವರ ನಮಗೆ ದೊರೆಯುವುದು ಇಲ್ಲಿಂದ. ತೆಲುಗಿನವರಿಗೆ ಅವರ ಭಾಷೆಯ ಹಳೆಯ ಕಂದಪದ್ಯಗಳು ದೊರೆಯುವುದೂ ಇಲ್ಲಿಂದಲೇ. ಇಬ್ಬರಿಗೂ ಸೇರಿದ ಬಂಡೆ. ಹೈದರಾಬಾದಿನಿಂದ ಒಂದು ದಿನದಲ್ಲಿ ಹೋಗಿ ಬರಬಹುದಾದರೂ ಹೋಗುವವರೆಷ್ಟು? ಹೋದರೂ ನೆತ್ತಿಯ ಮೇಲೆ ಸೂರ್ಯನಿದ್ದಾಗ ಅಕ್ಷರ ಕಾಣುವುದಿಲ್ಲ. ಶಾಸನ ಓದುವವರು ಓರೆ ಬೆಳಕಿಗಾಗಿ ಕಾಯುತ್ತಾರೆ, ಇಲ್ಲವೆ ಒದ್ದೆ ಕಾಗದ ಬಡಿದು ಮಸಿಯ ಅಚ್ಚು ತೆಗೆಯುತ್ತಾರೆ.

ಬೆಂಗಳೂರಿನಲ್ಲಿ ಮಿಥಿಕ್ ಸೊಸೈಟಿಯವರು 2021ರಿಂದ ಆ ನಗರದ ಸುತ್ತಲಿನ ಶಾಸನಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡುತ್ತಿದ್ದಾರೆ. ಹೆಬ್ಬಾಳದಲ್ಲಿ 2018ರಲ್ಲಿ ಸಿಕ್ಕಿದ, ಸುಮಾರು ಕ್ರಿ.ಶ. 750ರ ಕಿತ್ತಯ್ಯನ ವೀರಗಲ್ಲೂ ಅವುಗಳಲ್ಲೊಂದು. ಇಂಥ ಪ್ರತಿಯನ್ನು ಪರದೆಯ ಮೇಲೆ ಬೇಕಾದ ಕಡೆಗೆ ತಿರುಗಿಸಬಹುದು, ಬೆಳಕನ್ನು ಎಡದಿಂದಲೋ ಬಲದಿಂದಲೋ ಓರೆಯಾಗಿ ಬೀಳಿಸಬಹುದು. ನಡುಹಗಲಲ್ಲೂ ಸಂಜೆಯ ಬೆಳಕು ನಮ್ಮ ಬೆರಳ ತುದಿಗೆ ಬರುತ್ತದೆ. ಬೊಮ್ಮಲಗುಟ್ಟದ ಬಂಡೆಗೆ ಇಂಥದೊಂದು ಪ್ರತಿ ಆಗಿ, ಅದನ್ನು ಇಲ್ಲಿನ ಪಬ್ಲಿಕ್ ಗಾರ್ಡನ್ಸ್‌ನಲ್ಲಿರುವ ರಾಜ್ಯ ವಸ್ತುಸಂಗ್ರಹಾಲಯದಲ್ಲಿ ತೆಲುಗು, ಕನ್ನಡ ಎರಡೂ ದನಿಗಳೊಂದಿಗೆ ಇಟ್ಟರೆ, ಈಜಿಪ್ಟಿನ ಮಮ್ಮಿಯನ್ನು ನೋಡಲು ಅಲ್ಲಿಗೆ ಬರುವ ಶಾಲಾಮಕ್ಕಳು ಪಂಪನ ತಮ್ಮನನ್ನೂ ನೋಡಿಕೊಂಡು ಹೋದಾರು. ಬಂಡೆ ತನ್ನ ಜಾಗದಲ್ಲಿಯೇ ಇರುತ್ತದೆ. ಮನಸ್ಸಾದವರು ಮುಂದಿನ ಭಾನುವಾರ ಬಸ್ಸು ಹಿಡಿಯುತ್ತಾರೆ.

ಇಪ್ಪತ್ತು ವಸ್ತುಗಳ ಪಟ್ಟಿಯನ್ನು ನಾವು ಕೆಲವರು ಸೇರಿ ಮಾಡಿಕೊಂಡಿದ್ದೇವೆ. ಒಂದು ನಿಮಿಷಕ್ಕೆ ಎಂಬತ್ತು ಪದ ಮೀರಬಾರದೆಂದು ನಿಯಮ. ಮೀರಿದರೆ ಕೇಳುವವರು ಮುಂದಿನ ಕೋಣೆಗೆ ಹೋಗಿರುತ್ತಾರೆ. ಫ್ರಾನ್ಸಿನ ಹದಿನಾರನೆಯ ಲೂಯಿ ದೊರೆ ಟಿಪ್ಪು ಸುಲ್ತಾನನಿಗೆ ಕಳಿಸಿದ್ದೆಂದು ಹೇಳುವ ದಂತದ ಕುರ್ಚಿಗಳು ಮೈಸೂರಿನ ಗೆಳೆಯರ ಪಾಲಿಗೆ ಹೋಗಿವೆ. ಟಿಪ್ಪುವಿನ ರಾಯಭಾರಿಗಳು 1788ರಲ್ಲಿ ಪ್ಯಾರಿಸ್ಸಿಗೆ ಹೋದದ್ದು, 1799ರ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿ ನಿಜಾಮನ ಸೇನೆ ಬ್ರಿಟಿಷರ ಜೊತೆ ನಿಂತದ್ದು, ಇವೆರಡನ್ನೂ ಹೇಳದೆ ಆ ಕುರ್ಚಿಗಳ ಬಗ್ಗೆ ಬರೆಯುವುದಿಲ್ಲವೆಂದು ಅವರು ಹಟ ಹಿಡಿದಿದ್ದಾರೆ. ಎಂಬತ್ತು ಪದದಲ್ಲಿ ಎರಡೂ ಹಿಡಿಯುತ್ತಿಲ್ಲ. ರೆಬೆಕಾ, ಬಿದರಿ ಎರಡನ್ನೂ ನಾವು ವಹಿಸಿಕೊಂಡಿದ್ದೇವೆ. ಬಿದರಿಯ ಮೊದಲ ಕರಡನ್ನು ಓದಿ ಧ್ವನಿಮುದ್ರಿಸಿ ಅತ್ತೆಯವರಿಗೆ ವಾಟ್ಸಾಪಿನಲ್ಲಿ ಕಳಿಸಿದೆವು. ಎಲ್ಲ ತಿಳಿಯಿತಂತೆ, ‘ಕುಶಲಕರ್ಮಿ’ ಎಂಬ ಒಂದು ಪದ ಬಿಟ್ಟು. ಅದಕ್ಕೆ ಅವರು ‘ಕಾರಾಗೀರ’ ಎನ್ನಬೇಕೆಂದಿದ್ದಾರೆ. ದಾವಣಗೆರೆಯ ಗೆಳೆಯರಿಗೆ ಅದು ಒಪ್ಪಿಗೆಯಿಲ್ಲ. ಮುಂದಿನ ತಿಂಗಳ ಸಭೆಯಲ್ಲಿ ಆ ಪದವನ್ನು ತೀರ್ಮಾನಿಸಬೇಕಾಗಿದೆ. ಓದುಗರು ತಮ್ಮ ಊರಿನಲ್ಲಿ ಬಳಸುವ ಮಾತನ್ನು ಅಷ್ಟರೊಳಗೆ ಬರೆದು ತಿಳಿಸಿದರೆ ಉಪಕಾರವಾಗುತ್ತದೆ.